ಕಾಕಾ ಯಜಮಾನರಾದ ಬ್ಲಾಗು

ನಮ್ಮ ಮನೆಯ ಬಾಗಿಲಲ್ಲೇ ನಮ್ಮನ್ನು ತಡೆದು ‘ತಾವು ಯಾರು?’ ಎಂದು ಕೇಳಿದರೆ ಹೇಗಿರುತ್ತದೆ ಎಂಬುದು ಈಚೆಗೆ ನನಗೆ ಗೊತ್ತಾಯಿತು. ಬನಹಟ್ಟಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರೆಯುವ ಚಟ. ಬರೆದದ್ದನ್ನು ಯಾರದೋ ಜಾಗದಲ್ಲಿ ಯಾಕಿಡಬೇಕೆಂದು ಅಂಗಡಿಯ ಹಳೆಯ ಕಂಪ್ಯೂಟರಿನಲ್ಲೇ ಸ್ವಂತ ಬ್ಲಾಗು ಕಟ್ಟಿಕೊಂಡಿದ್ದೇನೆ. ಮೊನ್ನೆ ಅದರ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಬಂತು. ಹೊಸದೆಂದರೆ, ಸೀರೆಯಾಗಲಿ ಸಾಫ್ಟ್‌ವೇರಾಗಲಿ, ನನ್ನ ಕೈ ಸುಮ್ಮನಿರುವುದಿಲ್ಲ. ಹಾಕಿಕೊಂಡೆ. ಮರುಕ್ಷಣವೇ ಅದು, ‘ಈ ಪುಟಕ್ಕೆ ಬರಲು ನಿಮಗೆ ಅನುಮತಿ ಇಲ್ಲ’ ಎಂದಿತು.

ಹಳೆಯ ನಾಟಕಗಳಲ್ಲಿ ದ್ವಾರಪಾಲಕರಿಗೂ ಒಂದು ನಯವಿತ್ತು. ‘ಪ್ರಭುಗಳು ವಿಶ್ರಾಂತಿಯಲ್ಲಿದ್ದಾರೆ’ ಎಂದು ಸಾಗಹಾಕುತ್ತಿದ್ದರು. ಕಂಪ್ಯೂಟರಿಗೆ ಆ ಸಂಸ್ಕಾರವಿಲ್ಲ. ಪಾಸ್‌ವರ್ಡ್ ಬದಲಿಸಿದೆ, ಅಂತರಜಾಲದ ಪಂಡಿತರು ಹೇಳಿದಂತೆ ಫೈಲುಗಳ ಅನುಮತಿಯನ್ನೆಲ್ಲ ತಿದ್ದಿದೆ. ಊದಿನಕಡ್ಡಿಯನ್ನೂ ಹಚ್ಚಿದೆ, ಅದು ಪಂಡಿತರು ಹೇಳಿದ್ದಲ್ಲ. ಕೊನೆಗೆ ಒಬ್ಬ ಪುಣ್ಯಾತ್ಮ ಬರೆದದ್ದು ಸಿಕ್ಕಿತು: ಹೊಸ ಆವೃತ್ತಿ ಬಹಳ ಕಟ್ಟುನಿಟ್ಟು, ಬ್ಲಾಗಿನ ಯಜಮಾನರು ಒಳಹೋಗಿ ಮತ್ತೊಮ್ಮೆ ಒಪ್ಪಿಗೆ ಕೊಟ್ಟರೆ ಮಾತ್ರ ಉಳಿದವರಿಗೆ ಪ್ರವೇಶ.

ನೀವು ನಗಬೇಡಿ, ನನ್ನ ಬ್ಲಾಗಿಗೆ ನಾನು ಯಜಮಾನನಲ್ಲ. ಶುರುವಿನಲ್ಲಿ ಯಜಮಾನ ಯಾರು, ಲೇಖಕ ಯಾರು ಎಂದು ಅದು ಕೇಳಿತ್ತು. ಮನೆತನದಲ್ಲಿ ಹಿರಿಯರಿರುವಾಗ ನಾನೇ ಯಜಮಾನನೆಂದು ಬರೆದುಕೊಳ್ಳುವುದುಂಟೆ? ನಮ್ಮಲ್ಲಿ ಲಗ್ನಪತ್ರಿಕೆಯಲ್ಲೂ ಮೊದಲ ಹೆಸರು ಹಿರಿಯರದೇ. ಹಾಗಾಗಿ ಮುಧೋಳದಲ್ಲಿರುವ ಕಾಕಾರನ್ನು, ಅಂದರೆ ಅಪ್ಪನ ತಮ್ಮನನ್ನು, ಯಜಮಾನರನ್ನಾಗಿ ಮಾಡಿ, ಅವರಿಂದಲೇ ಪಾಸ್‌ವರ್ಡ್ ಹಾಕಿಸಿ, ನಾನು ಕೆಳಗೆ ಲೇಖಕನಾಗಿ ಕೂತಿದ್ದೆ.

ಹೋಗಿ ಕೇಳಿದರಾಯಿತು ಎನ್ನುವಂತಿರಲಿಲ್ಲ. ಕಾಕಾರ ಬೇಟೆನಾಯಿ ಬೆಕ್ಕಿಗೆ ಹೆದರಿ ಮಂಚದಡಿ ಸೇರಿದ್ದನ್ನು ನಾನು ತಮಾಷೆಯಾಗಿ ಬರೆದಿದ್ದೆ. ಬೇಟೆಗೆ ಹೆಸರಾದ ಮುಧೋಳದ ನಾಯಿಯ ಬಗ್ಗೆ ಇಂಥ ಮಾತು! ಯಾರೋ ಅದನ್ನು ಅವರಿಗೆ ಮೊಬೈಲಿನಲ್ಲಿ ತೋರಿಸಿದರಂತೆ. ಅಂದಿನಿಂದ ಕಾಕಾ ನನ್ನ ಫೋನು ಎತ್ತುತ್ತಿರಲಿಲ್ಲ. ಅಪ್ಪ ಹೋದಮೇಲೆ ನನ್ನನ್ನು ‘ಲೇ’ ಎಂದು ಕರೆಯಲು ಉಳಿದವರು ಅವರೊಬ್ಬರೇ. ಬ್ಲಾಗು ಮುಚ್ಚಿದ್ದಕ್ಕಿಂತ ಆ ‘ಲೇ’ ನಿಂತದ್ದೇ ನನಗೆ ಹೆಚ್ಚು ನೋವು ತಂದಿತ್ತು.

ಲ್ಯಾಪ್‌ಟಾಪ್ ಹಿಡಿದು ಮುಧೋಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು. ಕ್ಷಮೆಯ ಮಾತು ಬಾಯಿಪಾಠ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು.

“ಬರ್ರಿ ಸಾಹೇಬ್ರ,” ಎಂದರು ಕಾಕಾ. ಅಷ್ಟು ಮರ್ಯಾದೆ ಕೇಳಿ, ಸಿಟ್ಟು ಇಳಿದಿಲ್ಲವೆಂದು ತಿಳಿದು ಹೊಸ್ತಿಲಲ್ಲೇ ನಿಂತೆ.

“ತಪ್ಪಾತ್ರಿ ಕಾಕಾ. ನೀವು ಒಳಗ ಬಿಡದ ನನಗ ಏನೂ ಬರಿಯಾಕ ಆಗವಲ್ದು.”

“ಹೌದೇನು? ಕೀಲಿಕೈ ನನ್ನ ಕಡೆ ಐತೇನು?” ಅವರ ಮೀಸೆಗೆ ಸಂಸ್ಥಾನಿಕರ ಗತ್ತು ಬಂತು. “ಆ ಕಡೆ ಮಾರಿ ಮಾಡಿ ನಿಂದರ್ರಿ. ಪಾಸ್‌ವರ್ಡ್ ಯಾರಿಗೂ ತೋರಸಬಾರ್ದಂತ ನೀವೇ ಹೇಳಿದ್ರಿ.”

ಗೋಡೆಗೆ ಮುಖ ಮಾಡಿ ನಿಂತೆ. ಕಾಕಾ ಒಂದೇ ಬೆರಳಿನಿಂದ ಅಕ್ಷರ ಹುಡುಕುತ್ತ, ತಪ್ಪದಿರಲೆಂದು ಬಾಯಲ್ಲೂ ಹೇಳಿಕೊಳ್ಳುತ್ತ ಒತ್ತತೊಡಗಿದರು. “ಬಾ... ದ... ಶಾ... ಹಾಂ, ಬಾದಶಾ.” ಓರೆಗಣ್ಣಿನಲ್ಲಿ ನೋಡಿದರೆ, ಅಂಗಳದಲ್ಲಿ ಮಲಗಿದ್ದ ನಾಯಿ ಒಂದೇ ನೆಗೆತಕ್ಕೆ ಒಳಬಂದು, ಕರೆದಿರಾ ಎಂಬಂತೆ ಕಾಕಾರ ತೊಡೆಯ ಮೇಲೆ ಕಾಲಿಟ್ಟಿತು.

ನಾನು ನಗು ನುಂಗಿಕೊಂಡು ಮತ್ತೆ ಗೋಡೆಯನ್ನೇ ನೋಡಿದೆ. ಬ್ಲಾಗು ತೆರೆದ ಮೇಲೆ ಈ ಕಡೆ ತಿರುಗಿದೆ. ನಾನು ಹೇಳಿದ ಗುಂಡಿಯನ್ನು ಕಾಕಾ ಒತ್ತಿದರು. ಆಮೇಲೆ, ನಾನು ಹೇಳದೆಯೇ, ನಾಯಿಯ ಬರಹವನ್ನು ತೆರೆದರು. ಯಜಮಾನರು ಅದನ್ನು ಅಳಿಸಿಹಾಕಿದರೆ ಕೇಳುವವರಿಲ್ಲ. ಓದಿದರು, ಇನ್ನೊಮ್ಮೆ ಓದಿದರು. ನಿಧಾನವಾಗಿ ನಗುವಿಗೆ ಅವರ ಹೊಟ್ಟೆ ಕುಣಿಯತೊಡಗಿತು.

“ಲೇ, ಅದು ಬೆಕ್ಕಲ್ಲಲೇ, ಕಾಡಬೆಕ್ಕು! ತಿದ್ದು ಮೊದ್ಲ.”

ತಿದ್ದಿದೆ. ಅವರು ಹುಲಿ ಎಂದಿದ್ದರೂ ತಿದ್ದುತ್ತಿದ್ದೆ.

ಊಟವಾದ ಮೇಲೆ ಕಾಕಾ, “ಇಷ್ಟಕ್ಕೆಲ್ಲ ಇಲ್ಲೀತನಕ ಬರೂದು ನಿನಗ ತ್ರಾಸು. ನೀನಽ ಯಜಮಾನ ಆಗಿಬಿಡು,” ಎಂದರು. ಬೇಡವೆಂದೆ. ಹಾಗೆ ನೋಡಿದರೆ ಪಾಸ್‌ವರ್ಡ್ ಈಗ ನನಗೂ ಗೊತ್ತು, ನಾಯಿಗೂ ಗೊತ್ತು. ಬನಹಟ್ಟಿಯಲ್ಲೇ ಕೂತು ಕೆಲಸ ಮುಗಿಸಬಹುದು. ಇಂದು ಬೆಳಿಗ್ಗೆ ಮತ್ತೊಂದು ಹೊಸ ಆವೃತ್ತಿ ಬಂತು. ಹಾಕಿಕೊಂಡೆ. ‘ನಿಮಗೆ ಅನುಮತಿ ಇಲ್ಲ’ ಎಂದಿತು. ಸಂತೋಷದಿಂದ ಅಂಗಡಿಯ ಬಾಗಿಲು ಎಳೆದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.