ಛತ್ರದ ಗೋಡೆಗೆ ಮತ್ತೆ ಗಾರೆ

ಮಧುಗಿರಿ ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಕಲ್ಲಿನ ಛತ್ರವಿದೆ. ದಾರಿಹೋಕರು ಅಲ್ಲಿ ತಂಗುವುದು ಯಾವಾಗಲೋ ನಿಂತುಹೋಗಿತ್ತು. ನಾನು ಮೊದಲ ಸಲ ಒಳಗೆ ಕಾಲಿಟ್ಟಾಗ ನಡುವಿನ ತೊಟ್ಟಿಯಂಗಳದ ಸುತ್ತಲೂ ಕಡಲೆಕಾಯಿ ಮೂಟೆಗಳು. ಕಟ್ಟಡ ಬೆಳೆಗಾರರ ಸಂಘದ್ದು. ಅವರಿಗೆ ಒಂದು ಆಫೀಸು ಬೇಕಿತ್ತು. ತುಮಕೂರಿನಲ್ಲಿ ಏಳೆಂಟು ವರ್ಷ ಬೇರೆಯವರ ಕೈಕೆಳಗೆ ದುಡಿದು, ಆಗಷ್ಟೇ ನನ್ನೂರು ಸಿರಾದಲ್ಲಿ ಸ್ವಂತ ಬೋರ್ಡು ಹಾಕಿಕೊಂಡಿದ್ದ ಇಂಜಿನಿಯರ್ ನಾನು. ಹೇಳಿಕಳಿಸಿದರು, ಹೋದೆ.

ಸಂಘದ ಅಧ್ಯಕ್ಷೆ ಅರವತ್ತರ ಆಸುಪಾಸಿನ ರೈತ ಹೆಂಗಸು. ತೊಟ್ಟಿಯಲ್ಲಿ ನಿಂತು ಒಂದೇ ಮಾತಿನಲ್ಲಿ ಮುಗಿಸಿದರು. "ಇದನ್ನ ಕೆಡವಿಬುಟ್ಟು ಎರಡಂತಸ್ತಿನ ಆರ್‌ಸಿಸಿ ಕಟ್ಟುಸ್ಕೊಡಮ್ಮ. ಎಲ್ಲಾ ರೂಮ್ಗೂ ಎಸಿ ಇರ್ಲಿ."

ನಾನು ಗೋಡೆ ನೋಡಿದೆ. ಎರಡು ಅಡಿ ದಪ್ಪ, ಎಲ್ಲೂ ಉಬ್ಬಿಲ್ಲ. ತೊಲೆಗಳನ್ನು ಸುತ್ತಿಗೆಯಿಂದ ತಟ್ಟಿದೆ, ಗಟ್ಟಿಯಾಗಿದ್ದವು. ಇಂಥದ್ದನ್ನು ಕೆಡವುವುದಕ್ಕೆ ನಾನು ಇಂಜಿನಿಯರ್ ಆಗಬೇಕಿರಲಿಲ್ಲ. ಒಂದು ಕೋಣೆ ಕೊಡಿ, ಸರಿಮಾಡಿ ತೋರಿಸುತ್ತೇನೆ, ಬೇಸಿಗೆ ಮಧ್ಯಾಹ್ನ ಫ್ಯಾನಿಲ್ಲದೆ ಅದರಲ್ಲಿ ಕೂರಲಾಗದಿದ್ದರೆ ನಾನೇ ಮುಂದೆ ನಿಂತು ಕೆಡವಿಸುತ್ತೇನೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಪ್ಪಿದರು.

ಇಂಥ ಹಳೆಯ ಗೋಡೆಗೆ ಬೇಕಾದ ಸುಣ್ಣದ ಗಾರೆಯ ವಿಷಯ ನನಗೆ ಓದಿ ಗೊತ್ತಿತ್ತೇ ಹೊರತು ಕೈಯಲ್ಲಿ ಮುಟ್ಟಿ ಗೊತ್ತಿರಲಿಲ್ಲ. ಆ ಮಾತನ್ನು ಮಾತ್ರ ಅವರಿಗೆ ಹೇಳಲಿಲ್ಲ.

ಸಿರಾದಲ್ಲಿ ವಿಚಾರಿಸಿಕೊಂಡು ಒಬ್ಬ ಮುದಿ ಮೇಸ್ತ್ರಿಯನ್ನು ಹುಡುಕಿದೆ. ಅವರ ತಂದೆಯ ಕಾಲದಿಂದ ಗಾರೆ ಕೆಲಸದವರು. ಕೇಳುವವರಿಲ್ಲದೆ ಈಗ ಬಚ್ಚಲುಮನೆಗಳಿಗೆ ಟೈಲ್ಸ್ ಕೂರಿಸುತ್ತಿದ್ದರು. ಚಾಚಾ, ಒಂದು ಸಲ ಬಂದು ನೋಡಿ ಎಂದೆ. ಬಂದವರು ಗೋಡೆಯ ಮೇಲೆ ಅಂಗೈ ಇಟ್ಟು ಸವರಿ ನೋಡಿದರು. ಯಾರೋ ಹಿಂದೆ ರಿಪೇರಿಯೆಂದು ಅದರ ಮೇಲೆ ಸಿಮೆಂಟು ಬಳಿದಿದ್ದರು. ಗೋಡೆಯೊಳಗಿನ ತೇವ ಹೊರಗೆ ಬರಲಾರದೆ ಬುಡದಲ್ಲೆಲ್ಲ ಬಿಳಿ ಉಪ್ಪು ಉಕ್ಕಿತ್ತು. ಮೊದಲು ಈ ಸಿಮೆಂಟನ್ನೆಲ್ಲ ಕೀಳಬೇಕು ಎಂದರು. ಕೀಳುವುದಕ್ಕೇ ಹದಿನೈದು ದಿನ ಹಿಡಿಯಿತು.

ಆಮೇಲೆ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿದೆವು. ವಾರಗಟ್ಟಲೆ ಅದು ನೆನೆಯಿತು. ಸಂಘದವರು ಬಂದು ಇಣುಕಿ, ಅಡುಗೆ ಆಯ್ತಾ ಎಂದು ನಗುತ್ತಿದ್ದರು. ನಾನು ದಿನ ಎಣಿಸುತ್ತಿದ್ದೆ. ಬೇಸಿಗೆ ಮುಗಿಯುವುದರೊಳಗೆ ಕೋಣೆ ತೋರಿಸಬೇಕಲ್ಲ. ಗಾರೆ ಮೆತ್ತಿದ ಮೇಲೆ ಒದ್ದೆ ಗೋಣಿತಾಟು ಕಟ್ಟಿ ಹತ್ತು ದಿನ ಒಣಗದಂತೆ ನೋಡಿಕೊಳ್ಳಬೇಕೆಂದು ಚಾಚಾ ಹೇಳಿದ್ದರು. ಅವರು ಯಾವುದೋ ಮದುವೆಗೆಂದು ಊರಿಗೆ ಹೋದಾಗ ನಾನು ನಾಲ್ಕನೇ ದಿನಕ್ಕೇ ತಾಟು ಬಿಚ್ಚಿಸಿಬಿಟ್ಟೆ. ಏಪ್ರಿಲ್ ಬಿಸಿಗಾಳಿ ನುಗ್ಗಿ, ಎರಡೇ ದಿನದಲ್ಲಿ ಗೋಡೆ ತುಂಬ ಕೂದಲೆಳೆಯ ಬಿರುಕು.

ಹಿಂತಿರುಗಿ ಬಂದ ಚಾಚಾ ಬಿರುಕಿಗೆ ಉಗುರು ಹಾಕಿ ನೋಡಿದರು. ಸಿಟ್ಟು ಮಾಡಲಿಲ್ಲ. "ಜಲ್ದಿ ಅಂದ್ರೆ ಸಿಮೆಂಟ್ ಕೇಳ್ತದೆ ಬೇಟಿ, ಸುಣ್ಣ ಕೇಳಾದಿಲ್ಲ," ಎಂದು ಕರಣೆ ಎತ್ತಿಕೊಂಡು ತಾವೇ ಕೆರೆಯತೊಡಗಿದರು.

ಮುಚ್ಚಿಡಬಹುದಿತ್ತು, ಮೇಲೆ ತೆಳುವಾಗಿ ಬಳಿದರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಅಂದೇ ಅಧ್ಯಕ್ಷೆಯ ಮನೆಗೆ ಹೋಗಿ, ತಪ್ಪು ನನ್ನದು, ಮೇಸ್ತ್ರಿಯದಲ್ಲ, ಇನ್ನೂ ಮೂರು ವಾರ ಬೇಕು ಎಂದು ಹೇಳಿದೆ. ಅವರು ಮಜ್ಜಿಗೆ ಕೊಟ್ಟು, ಆಯ್ತು ಎಂದಷ್ಟೇ ಹೇಳಿದರು. ಅವತ್ತಿನಿಂದ ನನ್ನ ಧೈರ್ಯ ಬೇರೆಯೇ ಆಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಹೆದರಿಕೆ ಹೋಯಿತು.

ಮೇ ತಿಂಗಳ ಒಂದು ಮಧ್ಯಾಹ್ನ ಅಧ್ಯಕ್ಷೆ ಬಂದು ಆ ಕೋಣೆಯೊಳಗಿನ ಕಲ್ಲಿನ ಜಗಲಿಯ ಮೇಲೆ ಕೂತರು. ಬೀದಿಯಲ್ಲಿ ನಾಯಿಯೂ ಓಡಾಡದ ಬಿಸಿಲು. ನಾನು ಹೊರಗೆ ಚಾಚಾ ಜೊತೆ ಮಾತಾಡಿ ಮರಳಿ ಬರುವಷ್ಟರಲ್ಲಿ ಅವರು ಗೋಡೆಗೊರಗಿ ನಿದ್ದೆ ಹೋಗಿದ್ದರು. ಎಚ್ಚರವಾದಾಗ ಸೆರಗು ಸರಿಮಾಡಿಕೊಂಡು ಕೇಳಿದರು: "ಇನ್ನುಳಿದ ರೂಮ್ಗೂ ಇಂಗೇ ಮಾಡ್ತೀಯೇನಮ್ಮ? ಕಂಪ್ಯೂಟ್ರು, ಮೀಟಿಂಗು, ಅದುಕ್ಕೆಲ್ಲ ಜಾಗ ಹೆಂಗೆ?"

ಹಿತ್ತಲಿಗೆ ಹೊಸ ಕಟ್ಟಡದ ನಕ್ಷೆ ನನ್ನ ಬಳಿ ಸಿದ್ಧವಿತ್ತು. ಹಳೆಯದಕ್ಕೆ ಹೊಂದಲಿ ಎಂದು ಅದಕ್ಕೂ ಕಲ್ಲಿನ ಕಂಬದಂತೆ ಕಾಣುವ ಸಿಮೆಂಟ್ ಕಂಬ ಬರೆದಿದ್ದೆ. ಚಾಚಾ ಅದನ್ನು ನೋಡಿ, ಇದು ಯಾವ ಕಾಲದ್ದು ಎಂದು ಕೇಳಿದರು. ಈಗಿನದು ಎಂದೆ. ಹಂಗಾದರೆ ಈಗಿನದೇ ಕಾಣಲಿ, ಹಳೇ ಗೋಡೆಗೆ ಮಾತ್ರ ಒರಗಿಸಬೇಡ ಎಂದರು. ನಕ್ಷೆ ಸುತ್ತಿಟ್ಟು ಹೊಸದಾಗಿ ಬರೆದೆ. ಪಾಯ ಅಗೆದ ಮಣ್ಣಿನಲ್ಲೇ ಒತ್ತಿದ ಇಟ್ಟಿಗೆ, ತೆಳ್ಳನೆಯ ಕಬ್ಬಿಣದ ಕಂಬ, ದೊಡ್ಡ ಕಿಟಕಿ. ಎರಡು ಕಟ್ಟಡಗಳ ನಡುವೆ ಗಾಜಿನ ಮಾಡಿನ ಓಣಿ. ಮೇಲೆ ಸೋಲಾರ್ ಹಲಗೆ ಕೂರಿಸಲು ಪಾವಗಡದ ಕಡೆಯಿಂದ, ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡಿದ್ದ ಎಲೆಕ್ಟ್ರಿಶಿಯನ್ ಬಂದ. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಎಲ್ಲರನ್ನೂ ನಗಿಸುತ್ತಲೇ ಕೆಲಸ ಮುಗಿಸಿದ.

ಮುಂದಿನ ಬೇಸಿಗೆಯ ಹೊತ್ತಿಗೆ ಆಫೀಸು ತುಂಬಿತು. ಎಸಿ ಒಂದೇ ಒಂದು, ಅದೂ ಬಿತ್ತನೆಬೀಜ ಪರೀಕ್ಷಿಸುವ ಕೋಣೆಗೆ. ಲೆಕ್ಕಿಗರು ಹೊಸ ಕಟ್ಟಡದಲ್ಲಿ ಕೂರಲೊಲ್ಲದೆ ಮೇಜು ಹೊತ್ತುಕೊಂಡು ಛತ್ರದ ಕೋಣೆಗೇ ಬಂದರು, ನಾನು ಬೇಡವೆನ್ನಲಿಲ್ಲ.

ಚಾಚಾ ಟೈಲ್ಸ್ ಕೆಲಸ ಬಿಟ್ಟರು. ಸುಣ್ಣ ಅರೆಯಲು ಬರುತ್ತಿದ್ದ ಇಬ್ಬರು ಹೆಂಗಸರು ಅವರ ಬಳಿಯೇ ಗಾರೆ ಮೆತ್ತುವುದನ್ನು ಕಲಿತರು. ಈಗ ಚನ್ನರಾಯನದುರ್ಗದಲ್ಲಿ ಒಂದು ಹಳೆಯ ಶಾಲೆಯ ಕೆಲಸ ಹಿಡಿದಿದ್ದೇವೆ. ಅಲ್ಲಿ ಕರಣೆ ಹಿಡಿದಿರುವವರು ಅವರಿಬ್ಬರೇ. ಚಾಚಾ ಕುರ್ಚಿ ಹಾಕಿಕೊಂಡು ಕೂತು, ಗೋಣಿತಾಟು ಒದ್ದೆಯಿದೆಯಾ ಎಂದು ಗಂಟೆಗೊಮ್ಮೆ ಕೇಳುತ್ತಾರೆ.