ಸುಂದ್ರಕ್ಕ ಕಾದ ಲಿಲ್ಲಿ

ಲಿಲ್ಲಿ ಗಿಡ ನೆಟ್ಟ ಡಬ್ಬಿ ಮುಟ್ಟುವ ಮುಂಚೆ ಸುಂದ್ರಕ್ಕ ಕೈ ತೊಳೆಯುತ್ತಿದ್ದರು. ಮಣ್ಣು ಮುಟ್ಟಿದ ಮೇಲೆ ತೊಳೆಯುವವರು ಎಲ್ಲೆಲ್ಲೂ ಇದ್ದಾರೆ. ಮೊದಲೇ ತೊಳೆದು, ಸೆರಗಿಗೆ ಒರೆಸಿ, ಬಾಣಂತಿ ಕೋಣೆಗೆ ಹೋಗುವವರಂತೆ ಮೆಲ್ಲಗೆ ಕೂರುತ್ತಿದ್ದವರು ನಮ್ಮ ಮಾಟುಂಗದ ಬಿಲ್ಡಿಂಗಿನಲ್ಲಿ ಅವರೊಬ್ಬರೇ.

ಧಾರವಾಡದವರು. ಯಜಮಾನರಿಗೆ ಫೋರ್ಟಿನ ಆಫೀಸಿನಲ್ಲಿ ನೌಕರಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ; ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ಗ್ಯಾಲರಿಯಲ್ಲಿದ್ದ ಕೆಂಪು ಲಿಲ್ಲಿ ಸುಂದ್ರಕ್ಕ ತವರಿನಿಂದ ತಂದದ್ದು. ಬಿಳಿಯದನ್ನು ಮಗಳು ಶಾರದೆ ಬಾಂದ್ರಾದ ಕ್ರಿಶ್ಚಿಯನ್ ಗೆಳತಿಯ ಮನೆಯಿಂದ ತಂದಿದ್ದಳು.

"ಅದು ಗೋರಿಗೆ ಇಡುವ ಹೂವಲ್ವಾ? ಮನೆಯಲ್ಲಿ ಯಾಕೆ?" ಎಂದು ಎದುರು ಮನೆಯ ಉಡುಪಿಯ ಆಚಾರ್ಯರು ಗೊಣಗಿದರೆ, "ಹೂವಿಗೂ ಜಾತಿ ಹಚ್ಚತೀರೇನ್ರೀ ಕಾಕಾ?" ಎಂದು ಶಾರದೆ ನಗುತ್ತಿದ್ದಳು.

ಕಾಲೇಜಿನಲ್ಲಿ ಕಲಿತದ್ದನ್ನು ಒಮ್ಮೆ ನಮ್ಮೆದುರಿಗೇ ಮಾಡಿ ತೋರಿಸಿದಳು. ಕೆಂಪು ಹೂವಿನ ಕೇಸರಗಳನ್ನು ಪುಡಿ ಉದುರುವ ಮುಂಚೆಯೇ ಕಿತ್ತಳು. ಬಿಳಿ ಹೂವಿನ ಹಳದಿ ಪುಡಿಯನ್ನು ದೀಪದ ಬತ್ತಿಯಿಂದ ಕೆಂಪಿನ ನಡುವಣ ಎಳೆಯ ತುದಿಗೆ ಸವರಿ, ತೊಟ್ಟಿಗೆ ದಾರ ಕಟ್ಟಿದಳು.

"ಇವೆರಡರ ಮಗಳು ಹೆಂಗಿರ್ತಾಳ ಹೇಳವ್ವಾ?"

"ಗುಲಾಬಿ. ಮತ್ತೇನಾಗ್ತದ?"

"ಸುಣ್ಣ ಕುಂಕುಮ ಕಲಸಿಧಂಗೇನು? ಪಟ್ಟಿ ಪಟ್ಟಿ ಬರ್ತದ. ನೋಡೇ ಬಿಡೂಣು!"

ಕಾಯಿ ಬಲಿಯುವುದರೊಳಗೆ ಶಾರದೆ ವಿಷಮಜ್ವರದಲ್ಲಿ ಹೋದಳು. ಕಾಯಿ ಒಡೆದಾಗ, ಸುಟ್ಟ ಕಾಗದದ ಚೂರಿನಂಥ ಬೀಜಗಳನ್ನು ಸುಂದ್ರಕ್ಕ ಬಿತ್ತಿದರು. ಉಳಿದದ್ದು ಒಂದೇ ಸಸಿ. ಬೀಜದ ಲಿಲ್ಲಿ ಹೂವಿಗೆ ಬರಲು ವರ್ಷಗಳೇ ಬೇಕು. ಅಷ್ಟು ಕಾಲವೂ ಆ ಮನೆಯಿಂದ ಅಳು ಕೇಳಲಿಲ್ಲ. ಮಧ್ಯಾಹ್ನಗಳಲ್ಲಿ ಗೋಡೆಯಾಚೆ ಮಾತು ಕೇಳುತ್ತಿತ್ತು, ನಡುನಡುವೆ ಇನ್ನೊಬ್ಬರಿಗೆ ಬಿಡುವು ಕೊಟ್ಟಂಥ ಮಾತು. ಅಕ್ಕಿ ಆರಿಸುತ್ತಿದ್ದ ನನ್ನ ಕೈ ಆ ಬಿಡುವಿನಲ್ಲಿ ನಿಂತುಬಿಡುತ್ತಿತ್ತು.

ಕೊನೆಗೊಂದು ಬೇಸಿಗೆಯಲ್ಲಿ ದಂಟು ಎದ್ದು, ಹಸಿರು ಹೊದ್ದ ಮೊಗ್ಗು ಕಾಣಿಸಿತು. ಒಂದು ಬೆಳಿಗ್ಗೆ ನೋಡಿದರೆ ಇಲ್ಲ! ಪೂಜೆಗೆಂದು ಯಾರ ಗಿಡದ ಹೂ ಕಿತ್ತರೂ ಕಳ್ಳತನವಲ್ಲ ಎಂಬುದು ನಮ್ಮವರ ನಂಬಿಕೆಯಷ್ಟೆ. ಆಚಾರ್ಯರ ದೇವರ ಮುಂದೆ ಅದು ಅರಳದೆ ಬಾಡಿ ಮಲಗಿತ್ತು.

"ತಾವರೆ ಮೊಗ್ಗಿನ ಹಾಗೆ ಕಂಡಿತು ಮಾರಾಯ್ತಿ, ದೇವರಿಗಲ್ವಾ ಅಂತ ಕೊಯ್ದೆ. ಮಗುವಿನದ್ದು ಅಂತ ಗೊತ್ತಿದ್ರೆ..." ಎನ್ನುತ್ತಾ ಆಚಾರ್ಯರು ಬಾಡಿದ ಮೊಗ್ಗನ್ನು ಸುಂದ್ರಕ್ಕನ ಮುಂದೆ ಹಿಡಿದರು.

ಬಣ್ಣವನ್ನು ನೋಡಲೆಂದೇ ಜೀವ ಹಿಡಿದಿದ್ದ ಸುಂದ್ರಕ್ಕ ಈಗ ಕುಸಿಯುತ್ತಾರೆ ಎಂದುಕೊಂಡಿದ್ದೆ. ಅವರು, "ಇರ್ಲಿ ಬಿಡ್ರಿ, ಇನ್ನೂ ಟೈಮ್ ಅದ" ಎಂದರು. ಮುಖದ ಮೇಲೆ ಏನೋ ನಿರಾಳ.

ಮುಂದೆ ಅವರು ಮನೆ ಬದಲಿಸಿ ಅಂಧೇರಿಗೆ ಹೋದರು. ನೆಲದ ಮನೆ, ಬಾಗಿಲಲ್ಲಿ ನಾಲ್ಕು ಮೊಳ ಮಣ್ಣು. ಮುಂದಿನ ಬೇಸಿಗೆಯಲ್ಲಿ ಲೋಕಲ್ ಹಿಡಿದು ನೋಡಲು ಹೋದೆ. ಅದೇ ಲಿಲ್ಲಿ, ಮೊಗ್ಗಿನ ಹಸಿರು ಹೊದಿಕೆ ಇನ್ನೇನು ಬಿರಿಯುವಂತಿತ್ತು.

"ಈ ಸಲ ಬಣ್ಣ ಗೊತ್ತಾಗುತ್ತೆ ನೋಡಿ" ಎಂದೆ.

ಸುಂದ್ರಕ್ಕ ಬಗ್ಗಿ ದಂಟನ್ನು ಚಟಕ್ಕನೆ ಮುರಿದರು.

"ಅಯ್ಯೋ! ಏನು ಮಾಡಿದ್ರಿ?"

"ಗೊತ್ತಾಗಿಬಿಟ್ರ ಆಕಿ ಮತ್ತ್ಯಾಕ ಬರ್ತಾಳ್ರೀ?" ಎಂದರು, ಮೊಗ್ಗನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಾ. "ದಿನಾ ಮಧ್ಯಾಹ್ನ ಕೇಳ್ತಾಳ, 'ಬಿಡ್ತೇನವ್ವಾ ಹೂ' ಅಂತ. 'ಇನ್ನೂ ಇಲ್ಲ ಮಗಳ' ಅಂತೀನಿ."

ಚಹಾ ಕೊಟ್ಟು ಎದುರಿಗೆ ಕೂತರು. ಮಾತಿನ ನಡುವೆ ತಟ್ಟನೆ ತಲೆಯೆತ್ತಿ, "ಬಂದೆ, ತಡೀ" ಎಂದು ಒಳಕೋಣೆಗೆ ಹೋದರು.

ನಾನು ಕರೆದಿರಲಿಲ್ಲ. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಆಮೇಲೆ ನಾನು ಅಂಧೇರಿಗೆ ಹೋಗಲಿಲ್ಲ.