ಸೋಲಾರ್ ಪ್ಲೇಟಿನ ಮ್ಯಾಲಿನ ಶಾವಿಗಿ

ಗುಡ್ಡದ ಮ್ಯಾಲೆ ಗಾಳಿಪಂಕಾ ನಿಲ್ಲಿಸಿದ ಮರುವರ್ಷ ನನ್ನನ್ನು ಊರ ಆರೋಗ್ಯ ಉಪಕೇಂದ್ರದಾಗ ಕಸಗುಡಿಸಾಕ ತಗೊಂಡರು. ಮುಂಡರಗಿ ತಾಲೂಕಿನ ಕಟ್ಟಕಡೆಯ ಊರು ನಮ್ಮದು, ಊರಿಗೂ ದೊಡ್ಡ ಹಾದಿಗೂ ನಡುವೆ ಹಳ್ಳ. ಪಂಕಾದ ಕರೆಂಟು ನಮ್ಮ ತಲಿ ಮ್ಯಾಲೆ ಹಾದು ಎಲ್ಲಿಗೋ ಹೋಗುತ್ತಿತ್ತು. ನಮಗ ಬರುವ ತಂತಿ ಬ್ಯಾರೆ, ಗಾಳಿ ಬಂದರ ಹರಿದು ಬೀಳೂದು. ಅದಕ್ಕಂತ ಉಪಕೇಂದ್ರದ ಮಾಳಿಗಿ ಮ್ಯಾಲೆ ಆರು ಸೋಲಾರ್ ಪ್ಲೇಟು, ಒಳಗ ನಾಕು ಬ್ಯಾಟರಿ ಕೂಡಿಸಿದರು. ಪ್ಲೇಟು ಒರೆಸೂದು, ಬ್ಯಾಟರಿಗೆ ನೀರು ಹಾಕೂದು ನನಗ ಬಂತು.

ಒಂದು ಬ್ಯಾಸಗಿ ಅಡ್ಡಮಳಿ ಹೊಡೆದು ಕರೆಂಟಿನ ಕಂಬ ಮಲಗಿದವು. ಮರುದಿನ ಮುಂಜಾನೆ ಊರ ಗೌಡರ ಹೆಂಡತಿ ಗೌಡಶ್ಯಾನಿ ಬುಟ್ಟಿ ಹೊರಿಸಿಕೊಂಡು ಬಂದಳು. ಮಗಳ ಲಗ್ನಕ್ಕ ಐದು ದಿನ ಉಳಿದಿತ್ತು. ನನ್ನ ಗೆಳತಿ ಹನಮವ್ವ ಕೂಲಿಗೆ ಹೊಸೆದುಕೊಟ್ಟಿದ್ದ ಶಾವಿಗಿ ಮಳಿಗೆ ಹಸಿ ಆಗಿದ್ದವು.

“ಫಕೀರವ್ವ, ನೆಲ ಎಲ್ಲಾ ರಾಡಿ ಐತಿ. ನಿನ್ನ ಪ್ಲೇಟಿನ ಮ್ಯಾಲೆ ಹರವತೀನಿ.”

“ಬ್ಯಾಡ್ರೀ ಅಕ್ಕಾರ, ಬಿಸಲು ಅವಕ್ಕೂ ಬೇಕ್ರಿ.”

“ಬಿಸಲೇನು ನಿಮ್ಮಪ್ಪಂದೇನ? ಲಗ್ನದಾಗ ಮೊದಲ ಪಂಕ್ತಿಗೆ ಕುಂಡ್ರಾಕಿ ನೀನ!”

ಕಸಗುಡಿಸಾಕಿಗೆ ಮೊದಲ ಪಂಕ್ತಿ ಯಾರು ಕೊಡತಾರ? “ಎರಡರ ಮ್ಯಾಲಷ್ಟ ಹಾಕ್ರಿ,” ಅಂದೆ. ಆರರಾಗ ಎರಡು ಒಲಿ ಆರಿದರ ನಾಕು ಉರಿತಾವಲ್ಲ, ಹಂಗ ಅಂತ ನನ್ನ ಲೆಕ್ಕ. ಶಾವಿಗಿ ಎರಡು ದಿನ ಆದರೂ ಅಲ್ಲೇ ಇದ್ದವು.

ಮೂರನೇ ದಿನ ಮಧ್ಯಾಹ್ನ ಹನಮವ್ವಗ ದಮ್ಮು ಎದ್ದಿತು. ಔಷಧವನ್ನು ಹೊಗಿ ಮಾಡಿ ಉಸಿರಿಗೆ ಕೊಡೋ ಮಶೀನು ನಮ್ಮಲ್ಲಿತ್ತು. ನರ್ಸಬಾಯಿ ಅದನ್ನು ಅಕಿ ಮೂಗಿಗೆ ಕಟ್ಟಿ ಹಚ್ಚಿದಳು. ಗುರ್ರ್ ಅಂದು ನಿಂತಿತು. ತಂತಿಯ ಕರೆಂಟು ಇನ್ನೂ ಬಂದಿರಲಿಲ್ಲ, ಬ್ಯಾಟರಿ ಖಾಲಿ.

“ಹಚ್ಚಬೇ, ಫಕೀರವ್ವ…” ಅಂದಳು ಹನಮವ್ವ. ಅಷ್ಟ ಅಂದದ್ದು.

ಮಾಳಿಗಿ ಹತ್ತಿ ಶಾವಿಗಿ ಎಳೆದು ಒಗೆದೆ. ಬ್ಯಾಟರಿ ಏನು ಕೊಡ, ಒಮ್ಮೆಲೆ ತುಂಬಾಕ? ಹನಮವ್ವನ್ನ ಟ್ರ್ಯಾಕ್ಟರಿನಾಗ ಹಾಕಿಕೊಂಡು ಮುಂಡರಗಿ ದವಾಖಾನಿಗೆ ಹೊಂಟೆವು. ಹಳ್ಳ ದಾಟಿ ಹಾದಿಗೆ ಬರೂದರಾಗ ಅಕಿ ಉಸಿರು ನಿಂತಿತ್ತು. ಗುಡ್ಡದ ಮ್ಯಾಲೆ ಪಂಕಾ ತಿರುಗುತ್ತಿದ್ದವು.

ಆಮ್ಯಾಲೆ ಪ್ಲೇಟು ಜೋಡಿಸಿದವ ಬಂದ. “ಆರೂ ಒಂದ ಸರಕ್ಕ ಪೋಣಿಸೀನಬೇ. ಎರಡಕ್ಕ ನೆಳ್ಳು ಬಿದ್ದರ ಆರೂ ಸೊರಗತಾವ. ಕೂಡಿಸಿದ ದಿನಾನ ಊರ ಹಿರೇರಿಗೆ ಹೇಳೀನಲ್ಲ,” ಅಂದ. ಒರೆಸಾಕಿ ನಾನು, ಹೇಳಿದ್ದು ಗಂಡಸರಿಗೆ. ಆದರೂ ಅವರ ಮ್ಯಾಲೆ ಹಾಕಿ ಪಾರಾಗಾಕಿ ನಾನಲ್ಲ. ಒರೆಸೂದು, ನೀರು ಹಾಕೂದು ಯಾರಾದರೂ ಮಾಡತಾರ. ದೊಡ್ಡವರ ಮಾರಿ ನೋಡಿ ಬ್ಯಾಡ ಅನ್ನೂದ ನನ್ನ ಖರೆ ಕೆಲಸ ಆಗಿತ್ತು.

ಒಗೆದ ಶಾವಿಗಿಯನ್ನು ಗೌಡಶ್ಯಾನಿ ಆರಿಸಿಕೊಂಡು ಒಯ್ದಳು. ಲಗ್ನ ಆತು. ಹನಮವ್ವ ಹೊಸೆದ ಶಾವಿಗಿಗೆ ಬೆಲ್ಲ, ಹಾಲು ಹಾಕಿ ಬಡಿಸಿದರು. ಮೊದಲ ಪಂಕ್ತಿಯಾಗ ಕುಂತು ಉಂಡೆ. ಎರಡನೇ ಸಲ ಬಡಿಸಾಕ ಬಂದಾಗಲೂ ಬ್ಯಾಡ ಅನ್ನಲಿಲ್ಲ.